ಪಾರ್ಕಿನ ಗೇಟು ದಾಟಿದ ಮೇಲೆ ವೀಲ್‌ಚೇರ್ ಎಲ್ಲಿಗೆ ಹೋಗಬೇಕು?

ಬೆಂಗಳೂರಿನ ಎಷ್ಟೋ ಪಾರ್ಕು, ಕೆರೆ ದಂಡೆಗಳ ಬಾಗಿಲಲ್ಲಿ ಒಂದು ತಿರುಗುವ ಕಬ್ಬಿಣದ ಗೇಟು ಇರುತ್ತದೆ. ಇಲ್ಲವಾದರೆ ಒತ್ತೊತ್ತಾಗಿ ನೆಟ್ಟ ಕಂಬಗಳು. ಬೈಕಿನವರು ಒಳಗೆ ನುಗ್ಗಬಾರದು, ದನ ಬರಬಾರದು ಅಂತ ಹಾಕಿದ್ದು. ಕಾರಣ ಸರಿಯಾಗಿಯೇ ಇದೆ. ಆದರೆ ಬೈಕ್ ತೂರಲಾಗದ ಸಂದಿಯಲ್ಲಿ ವೀಲ್‌ಚೇರ್ ಕೂಡ ತೂರುವುದಿಲ್ಲ. ವಾಕರ್ ಹಿಡಿದ ಅಜ್ಜಿ, ಮಗುವಿನ ತಳ್ಳುಗಾಡಿ ಹಿಡಿದ ಅಮ್ಮ, ಊರುಗೋಲು ಊರಿ ನಡೆಯುವ ಹುಡುಗ, ಎಲ್ಲರೂ ಅಲ್ಲೇ ತಡವರಿಸಬೇಕು. ಪಕ್ಕದ ದೊಡ್ಡ ಗೇಟಿಗೆ ಬೀಗ ಹಾಕಿರುತ್ತದೆ, ಬೀಗದ ಕೈ ಇರುವವರು ಎಲ್ಲೋ ಒಳಗಿರುತ್ತಾರೆ.

ಕಾಡು, ಕೆರೆ, ದೊಡ್ಡ ಪಾರ್ಕುಗಳಲ್ಲಿ ಎಲ್ಲರೂ ಓಡಾಡಬಹುದಾದ ನಡಿಗೆ ದಾರಿ ಬೇಕು ಅಂದರೆ ನಮ್ಮಲ್ಲಿ ಎರಡು ಪ್ರಶ್ನೆ ತಕ್ಷಣ ಬರುತ್ತವೆ. ದುಡ್ಡೆಲ್ಲಿದೆ ಅನ್ನುವುದು ಒಂದು. ಕಾಡಿಗೆಲ್ಲ ಕಾಂಕ್ರೀಟ್ ಸುರಿಯಬೇಕಾ ಅನ್ನುವುದು ಇನ್ನೊಂದು. ಎರಡೂ ಕೇಳಬೇಕಾದ ಪ್ರಶ್ನೆಗಳೇ, ಎರಡಕ್ಕೂ ಉತ್ತರ ಇದೆ. ಆದರೆ ಈ ಎರಡಕ್ಕಿಂತ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಇದೆ, ಅದನ್ನು ಯಾರೂ ಕೇಳುತ್ತಿಲ್ಲ. ಈಗ ಇರುವ ದಾರಿಯಲ್ಲಿ ಯಾರು ಎಲ್ಲಿಯವರೆಗೆ ಹೋಗಬಹುದು? ಎರಡು ಕಿಲೋಮೀಟರ್ ಚೆನ್ನಾದ ದಾರಿ ಮಾಡಿ ನಡುವೆ ಎರಡೇ ಎರಡು ಮೆಟ್ಟಿಲು ಬಿಟ್ಟರೆ, ವೀಲ್‌ಚೇರಿನಲ್ಲಿ ಬಂದವರಿಗೆ ಆ ದಾರಿ ಆ ಮೆಟ್ಟಿಲಿಗೇ ಮುಗಿಯಿತು. ಉಳಿದ ದಾರಿ ಎಷ್ಟು ಚೆನ್ನಾಗಿದ್ದರೂ ಅವರಿಗೆ ಅದು ಇಲ್ಲ. ಹಾಗಾಗಿ ಒಂದು ದಾರಿಯನ್ನು ಅದರ ಅತಿ ಕೆಟ್ಟ ಜಾಗದಿಂದ ಅಳೆಯಬೇಕು. ಆ ಕೆಟ್ಟ ಜಾಗ ಎಲ್ಲಿದೆ ಅಂತ ಅಳೆದು, ಬರೆದು, ಬರುವವರಿಗೆ ಮೊದಲೇ ಹೇಳುವ ಕೆಲಸವನ್ನು ನಾವಿನ್ನೂ ಸರಿಯಾಗಿ ಶುರುವೇ ಮಾಡಿಲ್ಲ.

ಕಾನೂನು ಏನು ಹೇಳುತ್ತದೆ

ಇದು ಯಾರೋ ದಯೆಯಿಂದ ಮಾಡಿಕೊಡಬೇಕಾದ ಕೆಲಸವಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರಲ್ಲಿ ಸಾರ್ವಜನಿಕ ಕಟ್ಟಡ ಅಂದರೆ ಏನು ಅಂತ ವಿವರಿಸುವಾಗ ಬಿಡುವಿನ ವೇಳೆ ಕಳೆಯುವ, ಮನರಂಜನೆಯ ಜಾಗಗಳನ್ನೂ ಹೆಸರಿಸಿದ್ದಾರೆ. 29ನೇ ಸೆಕ್ಷನ್ ಇನ್ನೂ ನೇರವಾಗಿದೆ. ಸಾಂಸ್ಕೃತಿಕ ಬದುಕಿನಲ್ಲಿ, ಮನರಂಜನೆಯಲ್ಲಿ ಉಳಿದವರ ಹಾಗೆಯೇ ಭಾಗವಹಿಸುವುದು ಹಕ್ಕು, ಅದಕ್ಕೆ ಬೇಕಾದ ವ್ಯವಸ್ಥೆ ಮಾಡುವುದು ಸರ್ಕಾರದ ಕೆಲಸ. ಆಗಲೇ ಇದ್ದ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು 45ನೇ ಸೆಕ್ಷನ್ ಕೊಟ್ಟದ್ದು ನಿಯಮಗಳು ಬಂದಾಗಿನಿಂದ ಐದು ವರ್ಷ. ನಿಯಮಗಳು 2017ರಲ್ಲಿ ಬಂದವು. ಲೆಕ್ಕ ಹಾಕಿದರೆ 2022ಕ್ಕೇ ಗಡುವು ಮುಗಿದಿದೆ.

ಆಮೇಲೆ ಸುಪ್ರೀಂ ಕೋರ್ಟಿನ ತೀರ್ಪು. ಕಣ್ಣು ಕಾಣದ ರಾಜೀವ್ ರತೂರಿ ಅವರು 2005ರಲ್ಲಿ ಹಾಕಿದ ಅರ್ಜಿ ಅದು. ರಸ್ತೆ, ಕಟ್ಟಡ, ಬಸ್ಸು ಎಲ್ಲವೂ ಎಲ್ಲರಿಗೂ ಬಳಸಲು ಬರುವಂತಿರಬೇಕು ಅನ್ನುವುದು ಕೇಳಿಕೆ. 2024ರ ನವೆಂಬರ್ 8ರಂದು ಕೋರ್ಟ್ ಒಂದು ಮುಖ್ಯ ಮಾತು ಹೇಳಿತು. ಕಾಯ್ದೆ 'ಮಾಡಲೇಬೇಕು' ಅನ್ನುತ್ತದೆ, ಆದರೆ ಅದರ ಕೆಳಗೆ ಮಾಡಿದ 15ನೇ ನಿಯಮ ಬರೀ 'ಮಾಡಿದರೆ ಒಳ್ಳೆಯದು' ಅನ್ನುವ ಸಲಹೆಗಳ ಪಟ್ಟಿಗಳನ್ನು ಸೇರಿಸಿಕೊಂಡಿದೆ, ಇದು ಕಾಯ್ದೆಗೆ ವಿರುದ್ಧ. ಕಡ್ಡಾಯವಾಗಿ ಪಾಲಿಸಬೇಕಾದದ್ದು ಯಾವುದು, ಸಲಹೆ ಯಾವುದು ಅಂತ ಬೇರೆ ಮಾಡಿ ಮೂರು ತಿಂಗಳಲ್ಲಿ ನಿಯಮ ತನ್ನಿ, ಹಾಗೆ ಮಾಡುವಾಗ ವಿಕಲಚೇತನರನ್ನೂ ಕೇಳಿ ಅಂತ ಕೇಂದ್ರ ಸರ್ಕಾರಕ್ಕೆ ಹೇಳಿತು.

ಪಾರ್ಕು, ಕಾಡಿನ ದಾರಿಗಳ ಮಟ್ಟಿಗೆ ನನ್ನ ಆತಂಕ ಇರುವುದು ಇಲ್ಲೇ. ನಮ್ಮ ಕೈಯಲ್ಲಿರುವ 2021ರ ಕೇಂದ್ರದ ಮಾನದಂಡಗಳು ಹೆಚ್ಚಾಗಿ ಕಟ್ಟಿದ ಜಾಗಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಂಥವು. ಕಟ್ಟಡ, ಫುಟ್‌ಪಾತ್, ಬಸ್ ನಿಲ್ದಾಣ. ಕಾಡಿನ ಮಣ್ಣುದಾರಿಗೆ ಪ್ರತ್ಯೇಕ ಅಧ್ಯಾಯ ಇಲ್ಲದೆ ಹೋದರೆ ಎಂಜಿನಿಯರ್ ಮುಂದೆ ಎರಡೇ ಹಾದಿ. ಕಟ್ಟಡದ ನಿಯಮವನ್ನೇ ತಂದು ಮರಗಳ ನಡುವೆ ಸಿಮೆಂಟು ಸುರಿಯುವುದು. ಇಲ್ಲವೇ ಇದು ನಮಗೆ ಅನ್ವಯಿಸುವುದಿಲ್ಲ ಅಂತ ಕೈ ಬಿಡುವುದು. ಎರಡೂ ಬೇಡ.

ಏರು, ನೆಲ, ಅಗಲ

ಅಮೆರಿಕದವರು ಈ ವಿಷಯವನ್ನು ಬಹಳ ತಾಳ್ಮೆಯಿಂದ ಬಿಡಿಸಿದ್ದಾರೆ. ಎಲ್ಲರಿಗೂ ಬಳಸಲು ಬರುವ ಹಾಗೆ ಜಾಗಗಳಿಗೆ ನಿಯಮ ಮಾಡುವ ಅಲ್ಲಿನ ಸರ್ಕಾರಿ ಸಂಸ್ಥೆ ಆಕ್ಸೆಸ್ ಬೋರ್ಡ್ 2013ರಲ್ಲಿ ಕೇಂದ್ರ ಸರ್ಕಾರದ ಜಮೀನುಗಳಲ್ಲಿನ ಕಾಡುದಾರಿ, ಕ್ಯಾಂಪ್ ಜಾಗ, ಕಡಲತೀರಗಳಿಗೇ ಪ್ರತ್ಯೇಕ ನಿಯಮ ತಂದಿತು. ಅದಕ್ಕೂ ಮೊದಲೇ, 2006ರಲ್ಲಿ ಅಲ್ಲಿನ ಅರಣ್ಯ ಇಲಾಖೆ ತನ್ನ ದಾರಿಗಳಿಗೆ ಮಾನದಂಡ ಮಾಡಿಕೊಂಡಿತ್ತು. ಅವರ ನಿಯಮದಲ್ಲಿ ಕಾಂಕ್ರೀಟ್ ಹಾಕಿ ಅಂತ ಎಲ್ಲೂ ಇಲ್ಲ. ನೆಲ ಗಟ್ಟಿಯಾಗಿರಬೇಕು, ಅಲುಗಾಡಬಾರದು ಅಷ್ಟೇ. ಮಣ್ಣಿನದೇ ಆಗಿರಲಿ, ಹಲಗೆಯದೇ ಆಗಿರಲಿ, ಚಕ್ರ ಹೂತುಕೊಳ್ಳಬಾರದು, ಊರುಗೋಲು ಜಾರಬಾರದು.

ಏರಿನ ಲೆಕ್ಕ ನೋಡಿ. 1:20 ಅಂದರೆ ಇಪ್ಪತ್ತು ಅಡಿ ಮುಂದೆ ಹೋದಾಗ ಒಂದು ಅಡಿ ಮೇಲೆ ಹೋಗುವುದು. ಇಷ್ಟು ಏರು ಎಷ್ಟು ದೂರ ಇದ್ದರೂ ಸರಿ. ಅದಕ್ಕಿಂತ ಕಡಿದಾದರೆ, 1:12ರವರೆಗೆ, ಒಂದೇ ಸಮನೆ 61 ಮೀಟರ್ ಮಾತ್ರ, ಆಮೇಲೆ ನಿಂತು ಸುಧಾರಿಸಿಕೊಳ್ಳಲು ಸಮತಟ್ಟಾದ ಜಾಗ. 1:10ರವರೆಗೆ ಹೋದರೆ 9 ಮೀಟರ್. 1:8ರವರೆಗೆ ಬರೀ 3 ಮೀಟರ್. ಒಟ್ಟು ದಾರಿಯ ನೂರಕ್ಕೆ 30 ಭಾಗಕ್ಕಿಂತ ಹೆಚ್ಚು 1:12ಕ್ಕಿಂತ ಕಡಿದಾಗಿರಬಾರದು. ಅಂದರೆ ಕಟ್ಟಡದ ರ‍್ಯಾಂಪಿನ ಹಾಗೆ ಒಂದೇ ಸಂಖ್ಯೆಗೆ ಕಟ್ಟಿ ಹಾಕಿಲ್ಲ. ನೆಲ ಇರುವ ಹಾಗೆ ದಾರಿ ಏರಬಹುದು, ಇಳಿಯಬಹುದು. ಆದರೆ ಕಡಿದಾದಷ್ಟೂ ಅದು ಬೇಗ ಮುಗಿಯಬೇಕು, ಉಸಿರು ತೆಗೆದುಕೊಳ್ಳಲು ಜಾಗ ಬೇಕು. ಮಂಡಿ ನೋವಿರುವ ಯಾರನ್ನಾದರೂ ಕೇಳಿ, ಇದೇ ಮಾತು ಹೇಳುತ್ತಾರೆ.

ಮೂವತ್ತು ಮೀಟರ್ ಎತ್ತರದ ಒಂದು ದಿಬ್ಬ ಇದೆ ಅಂದುಕೊಳ್ಳಿ. 1:20ರ ಲೆಕ್ಕದಲ್ಲಿ ಮೇಲೆ ಹೋಗಲು 600 ಮೀಟರ್ ದಾರಿ ಬೇಕು. ನೇರ ಹತ್ತುವ ಮೆಟ್ಟಿಲಿಗೆ ಹೋಲಿಸಿದರೆ ಜಾಸ್ತಿ ಅನ್ನಿಸಬಹುದು. ಆದರೆ ನಡೆಯಲೆಂದೇ ಬಂದವರಿಗೆ 600 ಮೀಟರ್ ನಷ್ಟವೇನಲ್ಲ, ಅಲ್ವಾ? ಮರಗಳ ನಡುವೆ ಸುತ್ತಿ ಸುತ್ತಿ ಹೋಗುವ ದಾರಿಯೇ ಅವರು ಬಂದದ್ದಕ್ಕೆ ಕಾರಣ.

ಅಗಲಕ್ಕೆ ಅವರು ಇಟ್ಟಿರುವ ಕನಿಷ್ಠ ಅಳತೆ 36 ಇಂಚು, ಹತ್ತಿರ ಹತ್ತಿರ 915 ಮಿಲಿಮೀಟರ್. ಇದನ್ನು ಹಾಗೆಯೇ ಇಲ್ಲಿಗೆ ತಂದರೆ ತಪ್ಪಾಗುತ್ತದೆ. ನಮ್ಮಲ್ಲಿ ಎಷ್ಟೋ ಜನ ಓಡಾಡುವುದು ವೀಲ್‌ಚೇರಿನಲ್ಲಲ್ಲ. ಕೇಂದ್ರದ ಯೋಜನೆಯಲ್ಲಿ ಸಿಗುವ ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಸೈಕಲ್ಲಿನಲ್ಲಿ, ಇಲ್ಲವೇ ಪಕ್ಕದಲ್ಲಿ ಹೆಚ್ಚಿನ ಚಕ್ರ ಜೋಡಿಸಿದ ಸ್ಕೂಟರಿನಲ್ಲಿ. ಆ ಸೈಕಲ್ಲು ವೀಲ್‌ಚೇರಿಗಿಂತ ಅಗಲ, ಉದ್ದವೂ ಹೆಚ್ಚು, ತಿರುಗಿಸಲು ಜಾಗವೂ ಜಾಸ್ತಿ ಬೇಕು. ಸ್ಕೂಟರಿನವರ ಕಷ್ಟ ಬೇರೆ. ಪಾರ್ಕಿನ ಗೇಟಿನವರೆಗೆ ಅವರು ಯಾರ ಸಹಾಯವೂ ಇಲ್ಲದೆ ತಾವೇ ಬರುತ್ತಾರೆ. ಗೇಟಿನಲ್ಲಿ 'ವಾಹನಗಳಿಗೆ ಪ್ರವೇಶವಿಲ್ಲ' ಅನ್ನುವ ಬೋರ್ಡು. ಸ್ಕೂಟರ್ ಅಲ್ಲೇ ನಿಲ್ಲಿಸಿದರೆ ಅವರ ಕಾಲೇ ಅಲ್ಲಿ ನಿಂತ ಹಾಗೆ. ಗೇಟಿನ ಹತ್ತಿರ ಎರಡು ಗಟ್ಟಿಮುಟ್ಟಾದ ವೀಲ್‌ಚೇರ್ ಇಟ್ಟು, ಸ್ಕೂಟರಿನ ಪಕ್ಕಕ್ಕೇ ತಂದು ಕೊಟ್ಟರೆ ಈ ಸಮಸ್ಯೆ ಅರ್ಧ ಮುಗಿಯುತ್ತದೆ. ಆಸ್ಪತ್ರೆಯ ನಯವಾದ ನೆಲಕ್ಕೆ ಮಾಡಿದ ವೀಲ್‌ಚೇರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದರ ಮುಂದಿನ ಪುಟ್ಟ ಚಕ್ರ ಮೊದಲ ಬೇರಿಗೇ ಸಿಕ್ಕಿಕೊಂಡು ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಮುಂದಿನ ಚಕ್ರ ದೊಡ್ಡದಿರಬೇಕು, ದಪ್ಪ ಟಯರ್ ಇರಬೇಕು. ಮದ್ರಾಸ್ ಐಐಟಿಯಿಂದ ಹೊರಬಂದ ನಿಯೋಬೋಲ್ಟ್‌ನಂಥ ಮೋಟಾರು ಜೋಡಿಸುವ ವೀಲ್‌ಚೇರುಗಳು ನಮ್ಮ ದೇಶದಲ್ಲೇ ತಯಾರಾಗುತ್ತಿವೆ. ತರಿಸಲು ಹೊರದೇಶದ ಕಡೆ ನೋಡಬೇಕಾಗಿಲ್ಲ.

ನೆಲದ ವಿಷಯಕ್ಕೆ ಬಂದರೆ, ನಮ್ಮ ಪಾರ್ಕುಗಳಲ್ಲಿ ಹೆಚ್ಚಿನ ತೊಂದರೆ ಇರುವುದು ದುಡ್ಡು ಖರ್ಚು ಮಾಡಿ ಹಾಕಿದ ನೆಲದಲ್ಲೇ. ಇಂಟರ್‌ಲಾಕ್ ಇಟ್ಟಿಗೆಗಳನ್ನು ಮರದ ಬುಡದವರೆಗೂ ಹಾಕುತ್ತಾರೆ. ಮೂರ್ನಾಲ್ಕು ವರ್ಷದಲ್ಲಿ ಬೇರು ಅವನ್ನು ಎತ್ತಿ ಬಿಸಾಡುತ್ತದೆ. ಚೆಂದಕ್ಕೆಂದು ಹಾಕಿದ ಕಲ್ಲು ಚಪ್ಪಡಿಗಳ ನಡುವೆ ಹುಲ್ಲು ಬೆಳೆಯಲು ಬಿಟ್ಟ ಸಂದಿ, ಅದರಲ್ಲಿ ಚಕ್ರ ಸಿಕ್ಕಿಕೊಳ್ಳುತ್ತದೆ. ದುಂಡು ಜಲ್ಲಿ ಹರಡಿದ ದಾರಿಯಂತೂ ಎಲ್ಲಕ್ಕಿಂತ ಕೆಟ್ಟದ್ದು, ಅದರಲ್ಲಿ ವೀಲ್‌ಚೇರ್ ತಳ್ಳುವುದು ಮರಳಿನಲ್ಲಿ ತಳ್ಳಿದಷ್ಟೇ ಕಷ್ಟ. ಇವುಗಳಿಗೆ ಹೋಲಿಸಿದರೆ ಕಲ್ಲುಪುಡಿ ಬೆರೆಸಿದ ಸಣ್ಣ ಜಲ್ಲಿಯನ್ನು ನೀರು ಚಿಮುಕಿಸಿ, ರೋಲರ್ ಓಡಿಸಿ, ಗಟ್ಟಿ ಮಾಡಿದ ಸಾದಾ ದಾರಿ ಎಷ್ಟೋ ವಾಸಿ. ಚೂಪು ಅಂಚಿನ ಜಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ, ಪುಡಿ ಸಂದಿ ತುಂಬುತ್ತದೆ. ಮಳೆ ನೀರು ಸ್ವಲ್ಪವಾದರೂ ಇಂಗುತ್ತದೆ. ಬೇರು ಎತ್ತಿದರೆ ಒಂದು ಬುಟ್ಟಿ ಜಲ್ಲಿಪುಡಿ ಹಾಕಿ ಸರಿ ಮಾಡಬಹುದು, ಟೆಂಡರ್ ಕರೆಯುವ ಅಗತ್ಯವಿಲ್ಲ.

ಮಳೆಯೇ ನಮ್ಮ ನಿಜವಾದ ಪರೀಕ್ಷೆ. ಬೇಸಿಗೆಯಲ್ಲಿ ಚೆನ್ನಾಗಿದ್ದ ಮಣ್ಣುದಾರಿ ಜುಲೈನಲ್ಲಿ ಕೊಚ್ಚೆ. ಮಲೆನಾಡಿನಲ್ಲಾದರೆ ಸಿಮೆಂಟಿನ ಮೇಲೂ ಪಾಚಿ ಕಟ್ಟಿ ಜಾರುತ್ತದೆ. ಹಾಗಾಗಿ ದಾರಿ ಒಂದು ಬದಿಗೆ ಸ್ವಲ್ಪ ಇಳಿಜಾರಾಗಿ ನೀರು ಹರಿದು ಹೋಗಬೇಕು. ಆ ಇಳಿಜಾರು ಜಾಸ್ತಿಯಾದರೆ ವೀಲ್‌ಚೇರ್ ಒಂದು ಬದಿಗೇ ಎಳೆಯುತ್ತದೆ, ಕೂತವರು ಉದ್ದಕ್ಕೂ ಒಂದೇ ಕೈಯಲ್ಲಿ ಅದರ ಜೊತೆ ಸೆಣಸಬೇಕು. ಅಮೆರಿಕದ ನಿಯಮ ಗಟ್ಟಿ ಹಾಸಿನ ದಾರಿಗೆ 1:48, ಮಣ್ಣುದಾರಿಗೆ 1:20 ಅನ್ನುತ್ತದೆ. ನಮ್ಮಲ್ಲಿ ಯಾವ ದಾರಿಯನ್ನು ಅಳೆದರೂ ಮಳೆಗಾಲದಲ್ಲಿ ಇನ್ನೊಮ್ಮೆ ಅಳೆಯಬೇಕು. ಇಲ್ಲದಿದ್ದರೆ ಅದು ಅರ್ಧ ವರ್ಷದ ಸತ್ಯ ಮಾತ್ರ.

ಕಾಡು ಹಾಳಾಗುವುದಿಲ್ಲವೇ?

ಈ ಪ್ರಶ್ನೆಯನ್ನು ನಾನು ಗೌರವದಿಂದಲೇ ತೆಗೆದುಕೊಳ್ಳುತ್ತೇನೆ. 2021ರಲ್ಲಿ ಬೆಂಗಳೂರಿನ ದಕ್ಷಿಣಕ್ಕಿರುವ ತುರಹಳ್ಳಿ ಕಾಡನ್ನು ವೃಕ್ಷೋದ್ಯಾನ ಮಾಡುವ ಮಾತು ಬಂದಾಗ ಸುತ್ತಲಿನ ಜನ ಬೀದಿಗಿಳಿದು ವಿರೋಧಿಸಿದರು. ಕಾಡು ಕಾಡಾಗಿಯೇ ಇರಲಿ ಅಂದರು. ಅವರ ಭಯಕ್ಕೆ ಕಾರಣ ಇತ್ತು. ನಮ್ಮಲ್ಲಿ 'ಅಭಿವೃದ್ಧಿ' ಅಂದಾಗ ಬರುವುದು ಕಮಾನು, ಕಾರಂಜಿ, ಬಣ್ಣದ ದೀಪ, ಪ್ರಾಣಿಗಳ ಸಿಮೆಂಟಿನ ಗೊಂಬೆ. ಇವುಗಳ ಪಟ್ಟಿಯಲ್ಲಿ ವಿಕಲಚೇತನರ ಹೆಸರನ್ನೂ ಸೇರಿಸಿ ಯೋಜನೆ ಪಾಸು ಮಾಡಿಸಿಕೊಳ್ಳುವುದು ನಡೆದರೆ ಎರಡೂ ಕಡೆಯವರಿಗೆ ಅನ್ಯಾಯ.

ಆದರೆ ಮಣ್ಣುದಾರಿಯನ್ನು ಗಟ್ಟಿ ಮಾಡುವುದು, ಕಂಬದ ಸಂದಿ ಅಗಲ ಮಾಡುವುದು, ನಾಲ್ಕು ಮೆಟ್ಟಿಲಿನ ಪಕ್ಕದಲ್ಲಿ ಸುತ್ತಿ ಹೋಗುವ ಇಳಿಜಾರು ಮಾಡುವುದು, ಇವುಗಳಿಂದ ಕಾಡಿಗೆ ಏನೂ ಆಗುವುದಿಲ್ಲ. ಎಷ್ಟೋ ಸಲ ಒಳ್ಳೆಯದೇ ಆಗುತ್ತದೆ. ದಾರಿ ಕೆಟ್ಟಿದ್ದರೆ ಜನ ಕೊಚ್ಚೆ ತಪ್ಪಿಸಲು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ, ದಾರಿ ವರ್ಷ ವರ್ಷ ಅಗಲವಾಗುತ್ತದೆ, ಬೇರುಗಳ ಮೇಲಿನ ಮಣ್ಣು ಸವೆಯುತ್ತದೆ. ಜೌಗು ಜಾಗದಲ್ಲಿ ನೆಲದಿಂದ ಸ್ವಲ್ಪ ಮೇಲೆ ಹಲಗೆ ದಾರಿ ಹಾಕಿದರೆ ಕೆಳಗೆ ನೀರು ಹರಿಯುತ್ತದೆ, ಕಪ್ಪೆ, ಹಾವು ಅತ್ತಿಂದಿತ್ತ ಹೋಗುತ್ತವೆ, ಜನರ ಕಾಲು ನೆಲ ಮುಟ್ಟುವುದಿಲ್ಲ. ಹಲಗೆಗಳನ್ನು ನಡೆಯುವ ದಿಕ್ಕಿಗೆ ಅಡ್ಡಲಾಗಿ ಜೋಡಿಸಬೇಕು, ಸಂದಿ ಅರ್ಧ ಇಂಚಿಗಿಂತ ಹೆಚ್ಚಿರಬಾರದು. ಉದ್ದಕ್ಕೆ ಜೋಡಿಸಿದರೆ ಚಕ್ರ ಸಂದಿಯೊಳಗೆ ಇಳಿಯುತ್ತದೆ. ಅಂಚಿನಲ್ಲಿ ಒಂದು ಸಣ್ಣ ಕಟ್ಟೆ ಬೇಕು, ಚಕ್ರ ಹೊರಗೆ ಜಾರದ ಹಾಗೆ, ಬಿಳಿ ಕೋಲಿನವರಿಗೆ ಅಂಚು ತಿಳಿಯುವ ಹಾಗೆ. ಸಿಂಗಪುರದ ಸದರ್ನ್ ರಿಡ್ಜಸ್‌ನಲ್ಲಿ ಸಣ್ಣ ಗುಡ್ಡಗಳನ್ನು ಜೋಡಿಸುವ ದಾರಿ ಹತ್ತು ಕಿಲೋಮೀಟರ್ ಇದೆ. ಅದರ ಒಂದು ಭಾಗದಲ್ಲಿ ಉಕ್ಕಿನ ಮೇಲ್ದಾರಿ ಮರದ ತಲೆಗಳ ನಡುವೆ ನಿಧಾನಕ್ಕೆ ಏರುತ್ತಾ ಹೋಗುತ್ತದೆ, ಕೆಳಗೆ ಕಾಡು ಹಾಗೆಯೇ ಬೆಳೆಯುತ್ತಿದೆ. ದುಬಾರಿ ದಾರಿ ಅದು, ನಮಗೆ ಎಲ್ಲ ಕಡೆ ಆಗುವಂಥದ್ದಲ್ಲ. ಆದರೆ ಮರ ಮತ್ತು ವೀಲ್‌ಚೇರ್ ಎರಡಕ್ಕೂ ಜಾಗ ಇದೆ ಅನ್ನುವುದಕ್ಕೆ ಅಷ್ಟು ಸಾಕ್ಷಿ ಸಾಕು.

ಎಲ್ಲ ದಾರಿಯೂ ಎಲ್ಲರಿಗೂ ಆಗಬೇಕು ಅಂತ ಯಾರೂ ಕೇಳುತ್ತಿಲ್ಲ ಅನ್ನುವುದನ್ನೂ ಹೇಳಬೇಕು. ಕುಮಾರ ಪರ್ವತಕ್ಕೆ ರ‍್ಯಾಂಪ್ ಹಾಕಿ ಅಂತ ಯಾರು ಕೇಳಿದರು? ಅಮೆರಿಕದ ನಿಯಮದಲ್ಲೂ ವಿನಾಯಿತಿಗಳಿವೆ. ನೆಲ ಒಗ್ಗದಿದ್ದರೆ, ಬೇರೆ ಕಾನೂನು ತಡೆದರೆ, ಆ ಜಾಗದ ಸ್ವರೂಪವೇ ಬದಲಾಗುವಂತಿದ್ದರೆ, ಕಾಪಾಡಬೇಕಾದ ಗಿಡ, ಪ್ರಾಣಿ, ಹಳೆಯ ಕಟ್ಟಡಕ್ಕೆ ಪೆಟ್ಟು ಬೀಳುವಂತಿದ್ದರೆ ಬಿಡಬಹುದು. ಆದರೆ ಬಿಡುವುದು ಆ ತುಣುಕನ್ನು ಮಾತ್ರ. ಉಳಿದ ದಾರಿ ನಿಯಮದಂತೆಯೇ ಇರಬೇಕು. ಇದು ನನಗೆ ಬಹಳ ಹಿಡಿಸಿದ ಮಾತು. ನಮ್ಮಲ್ಲಿ ಒಂದು ಕಡೆ ಕಷ್ಟವಿದೆ ಅಂದರೆ ಇಡೀ ದಾರಿಯನ್ನೇ ಬಿಟ್ಟುಬಿಡುವುದು ಅಭ್ಯಾಸ.

ಬೆಟ್ಟದ ದಾರಿಗೂ ಬೇರೆ ಉಪಾಯಗಳಿವೆ. ಫ್ರಾನ್ಸಿನಲ್ಲಿ ಬೆಟ್ಟ ಹತ್ತಿಸುವ ಒಬ್ಬ ಮಾರ್ಗದರ್ಶಿ ಸ್ನಾಯು ಕಾಯಿಲೆ ಇದ್ದ ತನ್ನ ಮನೆತನದ ಹುಡುಗನಿಗಾಗಿ 1987ರಲ್ಲಿ ಒಂದೇ ಚಕ್ರದ ಕುರ್ಚಿ ಮಾಡಿದ. ಮುಂದೊಬ್ಬರು ಹಿಂದೊಬ್ಬರು ಹಿಡಿದು ಕಡಿದಾದ ಕಾಲುದಾರಿಯಲ್ಲೂ ಕರೆದುಕೊಂಡು ಹೋಗಬಹುದು. ಜೋಲೆಟ್ ಅಂತ ಅದರ ಹೆಸರು, ಈಗ ಎಷ್ಟೋ ದೇಶಗಳಲ್ಲಿದೆ. ಅಮೆರಿಕದ ಕೊಲರಾಡೊದ ಸ್ಟಾಂಟನ್ ಸ್ಟೇಟ್ ಪಾರ್ಕಿನಲ್ಲಿ 2017ರಿಂದ ಟ್ಯಾಂಕಿನ ಹಾಗೆ ಪಟ್ಟಿ ಇರುವ ಮೋಟಾರು ಕುರ್ಚಿಗಳನ್ನು ಉಚಿತವಾಗಿ ಕೊಡುತ್ತಿದ್ದಾರೆ. ದಾರಿ ಬದಲಾಗಲಿಲ್ಲ, ಕುರ್ಚಿ ಬದಲಾಯಿತು.

ಕೆರೆ ದಂಡೆಯಿಂದ ಶುರು ಮಾಡಬಹುದು

ಕರ್ನಾಟಕದಲ್ಲಿ ಇದನ್ನು ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ ನಾನು ಕೆರೆ ದಂಡೆಗಳನ್ನು ತೋರಿಸುತ್ತೇನೆ. ಜಕ್ಕೂರು, ಕೈಕೊಂಡ್ರಹಳ್ಳಿ, ಸ್ಯಾಂಕಿ, ಮೈಸೂರಿನ ಕಾರಂಜಿ ಕೆರೆ. ನೀರು ಸಮತಟ್ಟಾಗಿ ನಿಲ್ಲುವುದರಿಂದ ಅದರ ಸುತ್ತಲಿನ ದಾರಿಯೂ ಹೆಚ್ಚುಕಡಿಮೆ ಸಮತಟ್ಟು. ಕೆರೆ ಕಟ್ಟಿದ ಹಿಂದಿನವರು ಏರಿಯ ಮೇಲೆ ಎತ್ತಿನ ಗಾಡಿ ಹೋಗುವಷ್ಟು ಅಗಲವನ್ನೂ ಎಷ್ಟೋ ಕಡೆ ಬಿಟ್ಟಿದ್ದಾರೆ. ಅಂದರೆ ದಾರಿಯ ಕಷ್ಟದ ಭಾಗ ಆಗಲೇ ಮುಗಿದಿದೆ. ಉಳಿದಿರುವುದು ರಸ್ತೆಯಿಂದ ಏರಿಯ ಮೇಲೆ ಹತ್ತುವ ಕೆಲವು ಅಡಿ. ಅಲ್ಲಿ ಮೆಟ್ಟಿಲು ಮಾತ್ರ ಇದ್ದರೆ ಒಂದೆರಡು ಕಿಲೋಮೀಟರಿನ ಸಮತಟ್ಟಾದ ದಾರಿ ಪೂರ್ತಿ ಮುಚ್ಚಿದ ಹಾಗೆ. ಒಂದೇ ಒಂದು ಇಳಿಜಾರು ಮಾಡಿದರೆ ಪೂರ್ತಿ ತೆರೆದ ಹಾಗೆ. ಹಾಕಿದ ದುಡ್ಡಿಗೆ ಇಷ್ಟು ಫಲ ಬೇರೆಲ್ಲೂ ಸಿಗುವುದಿಲ್ಲ. ಮೂರು ಮೀಟರ್ ಏರಿ ಹತ್ತಲು 1:20ರಂತೆ 60 ಮೀಟರ್ ದಾರಿ ಸಾಕು, ಏರಿಯ ಪಕ್ಕದಲ್ಲೇ ಓರೆಯಾಗಿ ಹತ್ತಿಸಬಹುದು.

ಗೇಟಿನ ಕಂಬಗಳಿಗೂ ಪರಿಹಾರ ಇದೆ. ಸಂದಿ ಅಗಲ ಮಾಡಿ, ಅದರ ಹಿಂದೆ ಸ್ವಲ್ಪ ದೂರದಲ್ಲಿ ಇನ್ನೊಂದು ಸಾಲು ಕಂಬವನ್ನು ತಪ್ಪಿಸಿ ನೆಟ್ಟರೆ ವೀಲ್‌ಚೇರ್ ತಿರುಗಿ ಹೋಗುತ್ತದೆ, ಬೈಕಿನವನಿಗೆ ವೇಗವಾಗಿ ನುಗ್ಗಲಾಗುವುದಿಲ್ಲ. ನುಗ್ಗುವವರನ್ನು ಪೂರ್ತಿ ತಡೆಯಲು ಗೇಟಿನಲ್ಲಿ ಒಬ್ಬ ಕಾವಲುಗಾರ ಬೇಕು. ಕಾವಲುಗಾರನ ಸಂಬಳ ಉಳಿಸಲು ವಿಕಲಚೇತನರನ್ನು ಹೊರಗಿಡುವುದು ಸರಿಯಲ್ಲ.

ದೊಡ್ಡ ತೋಟಗಳ ಬಗ್ಗೆ ಹೇಳಿದರೆ ಬ್ಯಾಟರಿ ಗಾಡಿ ಇದೆಯಲ್ಲ ಅನ್ನುತ್ತಾರೆ. ಲಾಲ್‌ಬಾಗ್ 240 ಎಕರೆ, ಅಷ್ಟು ದೂರ ನಡೆಯಲಾಗದವರಿಗೆ ಅಂಥ ಗಾಡಿಯಿಂದ ನಿಜಕ್ಕೂ ಉಪಕಾರ. ಬೇಡ ಅನ್ನುವುದಿಲ್ಲ. ಆದರೆ ಅದರ ಮೆಟ್ಟಿಲು ಹತ್ತಲಾಗದವರಿಗೆ ಅದು ಇಲ್ಲ, ವೀಲ್‌ಚೇರನ್ನು ಅದರ ಮೇಲೆ ಹತ್ತಿಸಲು ಜಾಗವಿಲ್ಲ. ಇನ್ನೂ ಮುಖ್ಯವಾದದ್ದು, ಗಾಡಿ ತನ್ನ ಸುತ್ತು ಮುಗಿಸುತ್ತದೆ. ಒಂದು ಮರದ ಕೆಳಗೆ ಕಾಲು ಗಂಟೆ ಕೂತು ಕುಟ್ರು ಹಕ್ಕಿ ಎಲ್ಲಿ ಕೂಗುತ್ತಿದೆ ಅಂತ ಹುಡುಕುವುದಕ್ಕೆ ಅದು ನಿಲ್ಲುವುದಿಲ್ಲ. ನಡಿಗೆ ದಾರಿ ಬೇಕಾಗಿರುವುದೇ ಅದಕ್ಕೆ. ನಮಗೆ ಬೇಕಾದ ಕಡೆ ನಿಲ್ಲಲು, ಬೇಡವಾದಾಗ ಹಿಂತಿರುಗಲು.

ಕೂರುವ ಬೆಂಚಿನ ಮಾತೂ ಇಲ್ಲೇ ಬರಬೇಕು. ಬೆನ್ನಿಲ್ಲದ, ಕೈ ಊರಲು ಆಸರೆಯಿಲ್ಲದ ತಗ್ಗು ಕಲ್ಲು ಬೆಂಚಿನ ಮೇಲೆ ಕೂತ ವಯಸ್ಸಾದವರು ಮತ್ತೆ ಏಳಲು ಒದ್ದಾಡುವುದನ್ನು ಎಲ್ಲರೂ ನೋಡಿದ್ದೇವೆ. ಬೆನ್ನು, ಕೈ ಆಸರೆ ಇರುವ ಬೆಂಚು, ಅದರ ಪಕ್ಕದಲ್ಲಿ ಒಂದು ವೀಲ್‌ಚೇರ್ ನಿಲ್ಲುವಷ್ಟು ಗಟ್ಟಿ ನೆಲ. ಜೊತೆಗೆ ಬಂದವರು ಬೆಂಚಿನಲ್ಲಿ, ಇವರು ದಾರಿಯ ನಡುವೆ ಅಂತಾಗಬಾರದು. ಶೌಚಾಲಯಕ್ಕೆ ಬಾಗಿಲು ಅಗಲ ಮಾಡಿ, ಗಾಲಿಕುರ್ಚಿಯ ಚಿತ್ರ ಹಾಕಿ, ಆಮೇಲೆ ಅದರಲ್ಲಿ ಪೊರಕೆ, ಬಕೆಟ್ಟು ತುಂಬಿ ಬೀಗ ಹಾಕಿದರೆ ಏನು ಪ್ರಯೋಜನ? ಶೌಚಾಲಯ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಬೆಳಿಗ್ಗೆಯಿಂದ ನೀರು ಕುಡಿಯದೆ ಹೊರಡುವ ಹೆಣ್ಣುಮಕ್ಕಳಿದ್ದಾರೆ, ಇಲ್ಲವೇ ಹೊರಡುವುದನ್ನೇ ಬಿಟ್ಟವರಿದ್ದಾರೆ.

ಎಷ್ಟು ಜನ ಬರುತ್ತಾರೆ, ಇಷ್ಟೆಲ್ಲ ಯಾಕೆ ಅನ್ನುವವರಿಗೆ ಲೆಕ್ಕ ಇದೆ. 2011ರ ಜನಗಣತಿಯಲ್ಲೇ ದೇಶದಲ್ಲಿ 2.68 ಕೋಟಿ ವಿಕಲಚೇತನರು, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ಆಗ ಎಣಿಸಿದ್ದು ಕೆಲವೇ ಬಗೆಗಳನ್ನು. 2016ರ ಕಾಯ್ದೆ ಗುರುತಿಸಿದ ಬಗೆಗಳು 21. ಅದೇ ಜನಗಣತಿಯಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು. ಪಾರ್ಕಿನಲ್ಲಿ ಅವರು ಕಾಣುತ್ತಿಲ್ಲ ಅಂದರೆ ಅವರಿಗೆ ಬೇಡ ಅಂತ ಅರ್ಥವಲ್ಲ.

ಕಣ್ಣು ಕಾಣದವರಿಗೆ ಕಾಡಿನಲ್ಲಿ ಏನಿದೆ?

ಬಹಳ ಇದೆ. ಮತ್ತಿ ಮರದ ಬಿರುಕು ಬಿರುಕು ತೊಗಟೆ, ಹೊಳೆಮತ್ತಿಯ ನುಣುಪು ಕಾಂಡ, ಸಂಪಿಗೆಯ ವಾಸನೆ, ಮಳೆ ನಿಂತ ಮೇಲಿನ ಮಣ್ಣು, ಒಂದೊಂದು ಹಕ್ಕಿಯ ಒಂದೊಂದು ದನಿ. ಹಕ್ಕಿಗಳನ್ನು ಬರೀ ದನಿಯಿಂದ ಗುರುತಿಸುವವರಿಗೆ ಕಣ್ಣಿದ್ದವರಿಗಿಂತ ಹೆಚ್ಚು ಹಕ್ಕಿ ಸಿಗುವುದೂ ಉಂಟು. ಆದರೆ ನಮ್ಮಲ್ಲಿ ಅವರಿಗಾಗಿ ಮಾಡುವುದು ಅಂದರೆ ಗೇಟಿನಿಂದ ಹತ್ತು ಅಡಿ ಹಳದಿ ಉಬ್ಬು ಟೈಲ್ಸ್ ಹಾಕಿ ನಿಲ್ಲಿಸುವುದು.

ಕಾಡುದಾರಿಯಲ್ಲಿ ಅವರಿಗೆ ಬೇಕಾದದ್ದು ಕೋಲಿಗೆ ಸಿಗುವ ಸ್ಪಷ್ಟ ಅಂಚು. ದಾರಿ ಒಂದು ಬಗೆಯ ನೆಲ, ಪಕ್ಕ ಇನ್ನೊಂದು ಬಗೆಯ ನೆಲ ಆಗಿದ್ದರೂ ಸಾಕು. ಇನ್ನೊಂದು, ತಲೆಯ ಮಟ್ಟದ ಕೊಂಬೆಗಳು. ಕೋಲು ನೆಲದ್ದನ್ನು ಹೇಳುತ್ತದೆ, ಮುಖಕ್ಕೆ ಬಡಿಯುವ ಕೊಂಬೆಯನ್ನು ಹೇಳುವುದಿಲ್ಲ. ಅಮೆರಿಕದಲ್ಲಿ 80 ಇಂಚಿನವರೆಗೆ ಏನೂ ಅಡ್ಡ ಬರಬಾರದು ಅನ್ನುತ್ತಾರೆ. ಇದಕ್ಕೆ ಬೇಕಾಗಿರುವುದು ತಿಂಗಳಿಗೊಮ್ಮೆ ಒಂದು ಕತ್ತಿ ಹಿಡಿದು ನಡೆದು ಬರುವುದು. ಮರದ ಹೆಸರಿನ ಫಲಕ ಬ್ರೈಲಿನಲ್ಲೂ ಇರಲಿ, ಕೈಗೆಟುಕುವ ಎತ್ತರದಲ್ಲಿರಲಿ. ಕ್ಯೂಆರ್ ಕೋಡ್ ಹಾಕಿ ಕನ್ನಡದಲ್ಲಿ ಓದಿ ಹೇಳುವ ಧ್ವನಿ ಇಟ್ಟರೆ ಅಕ್ಷರ ಬಾರದವರಿಗೂ ಆಯಿತು. ಹಕ್ಕಿ ನೋಡಲು ಕಟ್ಟಿದ ಮರೆಗಳಲ್ಲಿ ಕಿಂಡಿ ನಿಂತವರ ಎತ್ತರಕ್ಕೆ ಮಾತ್ರ ಇರುತ್ತದೆ. ಕೂತವರಿಗೂ ಮಕ್ಕಳಿಗೂ ಇನ್ನೊಂದು ಕಿಂಡಿ ಕೆಳಗೆ ಕೊರೆದರೆ ಮುಗಿಯಿತು.

ಮಕ್ಕಳ ಆಟದ ಜಾಗದ ವಿಷಯದಲ್ಲಿ ಬೆಂಗಳೂರಿನಲ್ಲೇ ಒಳ್ಳೆಯ ಉದಾಹರಣೆ ಇದೆ. ಕಿಲಿಕಿಲಿ ಅನ್ನುವ ಪೋಷಕರ ಬಳಗ ಕೋಲ್ಸ್ ಪಾರ್ಕಿನಲ್ಲಿ ಎಲ್ಲ ಮಕ್ಕಳೂ ಸೇರಿ ಆಡಬಹುದಾದ ಜಾಗವನ್ನು ಪಾಲಿಕೆಯ ಜೊತೆ ಕೂತು ಮಾಡಿಸಿತು. ಮಕ್ಕಳನ್ನು, ಅಪ್ಪ ಅಮ್ಮಂದಿರನ್ನು ಕೇಳಿಕೊಂಡು ಮಾಡಿದ್ದರಿಂದಲೇ ಅದು ಆಯಿತು.

ಮರೀನಾ ಬೀಚಿನಿಂದ ಒಂದು ಪಾಠ

ಚೆನ್ನೈನಲ್ಲಿ ವಿಕಲಚೇತನರು ವರ್ಷಗಟ್ಟಲೆ ಕೇಳುತ್ತಿದ್ದದ್ದು ಒಂದೇ, ಸಮುದ್ರದ ನೀರಿನ ಹತ್ತಿರ ಹೋಗಬೇಕು. ಡಿಸೆಂಬರ್ 3ರ ವಿಕಲಚೇತನರ ದಿನದ ಸುಮಾರಿಗೆ ಕೆಲವು ದಿನ ತಾತ್ಕಾಲಿಕ ದಾರಿ ಹಾಕಿ ತೆಗೆಯುತ್ತಿದ್ದರು. ಕೊನೆಗೆ 2022ರ ನವೆಂಬರ್ 27ರಂದು ಮರೀನಾದಲ್ಲಿ 1.14 ಕೋಟಿ ರೂಪಾಯಿಯ ಮರದ ದಾರಿ ಶಾಶ್ವತವಾಗಿ ತೆರೆಯಿತು. ಎರಡು ವಾರವೂ ಆಗಲಿಲ್ಲ, ಮಾಂಡೂಸ್ ಚಂಡಮಾರುತ ಬಂದು ಅದರ ನೀರಿನ ಕಡೆಯ ಭಾಗವನ್ನು ಕಿತ್ತು ಹಾಕಿತು. ದುಡ್ಡು ನೀರಿಗೆ ಹೋಯಿತು ಅಂತ ಆಡಿಕೊಂಡವರು ಬಹಳ. ಆದರೆ ಪಾಲಿಕೆ ಅದನ್ನು ಸರಿಪಡಿಸಿ ಮತ್ತೆ ತೆರೆಯಿತು. ರಸ್ತೆ ಕೊಚ್ಚಿ ಹೋದರೆ ಮತ್ತೆ ಹಾಕುವುದಿಲ್ಲವೇ? ಈ ದಾರಿಗೆ ಮಾತ್ರ ಒಂದೇ ಅವಕಾಶ ಯಾಕೆ? ಕಟ್ಟುವ ದಿನವೇ ವರ್ಷ ವರ್ಷದ ದುರಸ್ತಿಗೆ ಹಣ ಎತ್ತಿಡಬೇಕು ಅನ್ನುವುದು ಅಲ್ಲಿಂದ ಕಲಿಯಬೇಕಾದದ್ದು. ಮಳೆ ಜಾಸ್ತಿ ಇರುವ ನಮ್ಮ ಕರಾವಳಿ, ಮಲೆನಾಡಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಮೊದಲು ನಿಜ ಹೇಳುವ ಬೋರ್ಡು

ಇದೆಲ್ಲ ಆಗಲು ಸಮಯ ಬೇಕು, ಒಪ್ಪುತ್ತೇನೆ. ಆದರೆ ಒಂದು ಕೆಲಸಕ್ಕೆ ಸಮಯವೂ ಬೇಡ, ಕೋಟಿಗಳೂ ಬೇಡ. ದಾರಿ ಹೇಗಿದೆ ಅಂತ ಇದ್ದದ್ದು ಇದ್ದ ಹಾಗೆ ಬರೆದು ಹಾಕುವುದು. ಅಮೆರಿಕದ ನಿಯಮದಂತೆ ಕಟ್ಟಿದ ದಾರಿಯ ಶುರುವಿನಲ್ಲಿ ಬೋರ್ಡು ಹಾಕಿದರೆ ಅದರಲ್ಲಿ ದಾರಿಯ ಉದ್ದ, ನೆಲ ಯಾವುದರದ್ದು, ಸಾಮಾನ್ಯ ಅಗಲ ಮತ್ತು ಅತಿ ಕಡಿಮೆ ಅಗಲ, ಸಾಮಾನ್ಯ ಏರು ಮತ್ತು ಅತಿ ಕಡಿದಾದ ಏರು ಇರಲೇಬೇಕು. 'ವಿಕಲಚೇತನ ಸ್ನೇಹಿ' ಅನ್ನುವ ಮುದ್ರೆಗಿಂತ ಇದು ಸಾವಿರ ಪಾಲು ಒಳ್ಳೆಯದು. ಯಾಕೆಂದರೆ ನನಗೆ ಆಗುತ್ತದೋ ಇಲ್ಲವೋ ಅಂತ ತೀರ್ಮಾನಿಸುವುದು ನಾನು. ತೋಳಿನಲ್ಲಿ ಬಲ ಇರುವ ಯುವಕನಿಗೆ 1:10ರ ತುಣುಕು ಕಷ್ಟವೇ ಅಲ್ಲ. ಹೃದಯದ ಕಾಯಿಲೆ ಇರುವವರಿಗೆ 1:20 ಕೂಡ ಹೆಚ್ಚಾಗಬಹುದು.

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಬೆಟ್ಟಗುಡ್ಡಗಳ ಜಾಗ. ಅಲ್ಲಿ ಬೇಲಿ ದಾಟಲು ಮೆಟ್ಟಿಲು ಹತ್ತಬೇಕಿಲ್ಲದ ಸುಮಾರು 50 ದಾರಿಗಳನ್ನು ಗುರುತಿಸಿದ್ದಾರೆ. ಅವನ್ನು ಮೂರು ಬಗೆ ಮಾಡಿದ್ದಾರೆ: ಎಲ್ಲರಿಗೂ, ಹಲವರಿಗೆ, ಕೆಲವರಿಗೆ. ಹಕ್ಕಿ ನೋಡುವವರಿಗಾಗಿ ಇರುವ ಬರ್ಡಬಿಲಿಟಿ ಅನ್ನುವ ಅಮೆರಿಕದ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಜಾಗಕ್ಕೆ ಹೋಗಿಬಂದ ಜನರೇ ಮಾಹಿತಿ ತುಂಬುವ ನಕ್ಷೆ ಮಾಡಿದೆ. ಪಾರ್ಕಿಂಗ್ ಎಲ್ಲಿ, ಬೆಂಚು ಎಷ್ಟು ದೂರಕ್ಕೆ, ಶೌಚಾಲಯದ ಬಾಗಿಲು ಎಷ್ಟು ಅಗಲ.

ನಮ್ಮಲ್ಲಿ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂದಿದೆ. ಜನಜಂಗುಳಿ ಮಿತಿ ಮೀರಿದ ಮೇಲೆ ಅರಣ್ಯ ಇಲಾಖೆ 2024ರಲ್ಲಿ 'ಅರಣ್ಯ ವಿಹಾರ' ಜಾಲತಾಣ ಶುರು ಮಾಡಿತು. ಪ್ರತಿ ದಾರಿಯ ಹೆಸರಿನ ಕೆಳಗೆ ಈ ಐದಾರು ಸಾಲು ಸೇರಿಸಲು ಹೊಸ ಕಾನೂನು ಬೇಡ. ತೋಟಗಾರಿಕೆ ಇಲಾಖೆ ಕಬ್ಬನ್ ಪಾರ್ಕು, ಲಾಲ್‌ಬಾಗಿಗೆ ಮಾಡಬಹುದು. ಕಬ್ಬನ್ ಪಾರ್ಕಿನಲ್ಲಿ ಭಾನುವಾರ ವಾಹನ ಬಿಡುವುದಿಲ್ಲ, ಆ ದಿನ ಅಲ್ಲಿನ ಅಗಲವಾದ ರಸ್ತೆಗಳೇ ಒಳ್ಳೆಯ ನಡಿಗೆ ದಾರಿ. ಹಾಗಂತ ಎಲ್ಲಾದರೂ ಬರೆದು ಹಾಕಬಾರದೇಕೆ?

ಅಳೆಯುವುದಕ್ಕೆ ದೊಡ್ಡ ಯಂತ್ರ ಬೇಡ. ಒಂದು ಟೇಪು, ಮೊಬೈಲಿನಲ್ಲಿರುವ ಮಟ್ಟ ನೋಡುವ ಆ್ಯಪ್, ಸಮತಟ್ಟಾದ ಒಂದು ಹಲಗೆ ಸಾಕು. ಹಲಗೆ ನೆಲದ ಮೇಲಿಟ್ಟು, ಅದರ ಮೇಲೆ ಫೋನ್ ಇಟ್ಟರೆ ಇಳಿಜಾರು ಡಿಗ್ರಿಯಲ್ಲಿ ಬರುತ್ತದೆ. ಸುಮಾರು ಮೂರು ಡಿಗ್ರಿ ಅಂದರೆ 1:20, ಐದಕ್ಕೆ ಸ್ವಲ್ಪ ಕಡಿಮೆ ಅಂದರೆ 1:12. ಗೇಟಿನ ಸಂದಿ, ಅತಿ ಇಕ್ಕಟ್ಟಾದ ಜಾಗ, ಮೆಟ್ಟಿಲು ಎಲ್ಲಿ ಎಷ್ಟು, ಬೆಂಚಿನಿಂದ ಬೆಂಚಿಗೆ ದೂರ, ಶೌಚಾಲಯ ತೆರೆದಿದೆಯಾ. ವೀಲ್‌ಚೇರ್ ಬಳಸುವವರು, ಬಿಳಿ ಕೋಲಿನವರು ಜೊತೆಗಿರಲೇಬೇಕು, ಇಲ್ಲದಿದ್ದರೆ ಕಣ್ಣಿಗೆ ಬೀಳದ್ದು ಬಹಳ ಉಳಿಯುತ್ತದೆ. ಕೆರೆ ಉಳಿಸುವ ಬಳಗಗಳು, ಹಕ್ಕಿ ನೋಡುವ ಗುಂಪುಗಳು, ಎನ್‌ಎಸ್‌ಎಸ್ ಹುಡುಗರು ಒಂದು ಬೆಳಿಗ್ಗೆಯಲ್ಲಿ ಒಂದು ದಾರಿ ಮುಗಿಸಬಹುದು.

ಅಳೆದ ಮೇಲೆ ಆ ಹಾಳೆಯನ್ನು ಪಾರ್ಕಿನವರಿಗೆ ಕೊಟ್ಟು, ಉತ್ತರ ಬರದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಬರೆಯಬಹುದು. ಹಕ್ಕು ತಪ್ಪಿದ ಕಡೆ ವಿಚಾರಿಸುವ ಅಧಿಕಾರವನ್ನು ಕಾಯ್ದೆಯ 80ನೇ ಸೆಕ್ಷನ್ ಅವರಿಗೆ ಕೊಟ್ಟಿದೆ. ದೂರಿನಲ್ಲಿ 'ವ್ಯವಸ್ಥೆ ಸರಿಯಿಲ್ಲ' ಅಂತ ಸುಮ್ನೆ ಬರೆದರೆ ಉತ್ತರವೂ ಅಷ್ಟೇ ಸಡಿಲವಾಗಿ ಬರುತ್ತದೆ. ಪೂರ್ವದ ಗೇಟಿನ ಸಂದಿ 550 ಮಿಲಿಮೀಟರ್ ಇದೆ, ಏರಿ ಹತ್ತಲು ಏಳು ಮೆಟ್ಟಿಲು ಮಾತ್ರ ಇವೆ, ಬೇರೆ ದಾರಿ ಇಲ್ಲ, ಫೋಟೊ ಜೊತೆಗಿದೆ, ಇದನ್ನು ಯಾವ ತಾರೀಖಿನೊಳಗೆ ಸರಿಪಡಿಸುತ್ತೀರಿ ಅಂತ ಕೇಳಬೇಕು.